ಅಪ್ಪ ಚಾಕು ಮಸ್ಯಾಕ ಹೋಗಿದ್ದು

ಗೆಳೆಯರ, ಇವತ್ತು ಮುಂಜಾನೆ ರಾಜಾಸಾಬ್ ಚಾಚಾರ ವೆಲ್ಡಿಂಗ್ ಅಂಗಡ್ಯಾಗ, ನನ್ನ ಜೋಡಿ ಬಂದಿದ್ದ ನಮ್ಮಪ್ಪ ಅಡಗಿಮನಿ ಚಾಕು ಹಿಡ್ಕೊಂಡು ತಾನ ಗ್ರೈಂಡರ್ ಮುಂದ ನಿಂತ. ಗಂಗಾವತಿ ರೈಸ್ ಮಿಲ್ಲಿನ್ಯಾಗ ಮೂವತ್ತು ವರ್ಷ ಫಿಟರ್ ಆಗಿದ್ದವ. ಚಾಚಾ ಅವನ ಹಳೇ ದೋಸ್ತ. ದಿನಾ ಒಂದು ಜಗಳ ಆಗಲಿಲ್ಲಂದ್ರ ಇಬ್ಬರಿಗೂ ಉಂಡಿದ್ದು ಕರಗಂಗಿಲ್ಲ.

ಬಾಜೂಕ ಖುರ್ಚಿ ಮ್ಯಾಲ ಕುಂತಿದ್ದ ಚಾಚಾ, "ಚಸ್ಮಾ ಹಾಕ್ಕೋ," ಅಂದ್ರು.

"ಹಾಕ್ಕೊಂಡೀನಲ್ಲ."

"ಅದು ಪೇಪರ್ ಓದೂದು. ಮತ್ತ ಅಲಗು ಮ್ಯಾಲ ಮಾಡಿ ಹಿಡೀಬ್ಯಾಡ, ಚಕ್ರ ಕಸ್ಕೊಂಡು ಒಗಿತೈತಿ."

"ನನಗ ಕಲಸ್ತಿ ಏನು?"

ಚಾಚಾ ಗೊಣಗಿಕೋತ ಎದ್ದು, ಕಿಡಿ ತಡೆಯೋ ದೊಡ್ಡ ಚಸ್ಮಾ ತರಾಕ ಒಳಗ ಹೋದ್ರು. ಅಷ್ಟರಾಗ ಕರ್ರ್ ಅಂತ ಸಪ್ಪಳ ಆತು. ಅಪ್ಪನ ಕೈಯಾಗಿನ ಚಾಕು ಹಾರಿ ಹೋಗಿ, ಚಾಚಾ ಈಗರೆ ಬಿಟ್ಟು ಎದ್ದಿದ್ದ ಪ್ಲಾಸ್ಟಿಕ್ ಖುರ್ಚಿಯ ಬೆನ್ನಾಗ ನಟ್ಟು ನಿಂತಿತು.

ಚಾಚಾ ಹೊರಗ ಬಂದು ಮೊದಲು ಸ್ವಿಚ್ ಬಂದ್ ಮಾಡಿದ್ರು. ಖುರ್ಚಿ ನೋಡಿದ್ರು. ಅಪ್ಪನ ಕೈ ಹಿಡಿದು, ಒಂದೊಂದ ಬೆರಳು ತಿರುವಿ ನೋಡಿ, "ಎಲ್ಲಾ ಅದಾವ. ಚಹಾ ಹೇಳ್ತೀನಿ," ಅಂದ್ರು.

ಅಪ್ಪ ಮೆಲ್ಲಕ, "ನೀ ಅಲ್ಲೇ ಕುಂತಿದ್ರ?" ಅಂದ.

"ಕುಂತಿರಲಿಲ್ಲಲ್ಲ, ಬಿಡು."

ಆಮ್ಯಾಲ ಚಾಚಾನೇ ಚಾಕು ಮಸೆದು ಕೊಟ್ರು. ಮನಿಗೆ ಬಂದ್ವಿ. ಅವ್ವ, "ಒಂದು ಚಾಕೂಗೆ ಇಷ್ಟೊತ್ತಾ?" ಅಂತ ಕೇಳಿದ್ಲು.

"ರಾಜಾಸಾಬ ಭಾಳ ಮಾತಾಡ್ತಾನ," ಅಂದ ಅಪ್ಪ.

ಅವ್ವ ಫೇಸ್‌ಬುಕ್ಕಿನ್ಯಾಗ ಇಲ್ಲ. ಇಲ್ಲಿರೋ ಚಿಗವ್ವಗೋಳು ದಯಮಾಡಿ ಆಕಿಗೆ ಫೋನ್ ಹಚ್ಚಬ್ಯಾಡ್ರಿ.