ಜಾರಿದ ಗಾಲಿಯ ಗೆರೆಯನ್ನು ಓದಿದ ಗುರುಗಳು

ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಲ್ಲಿ ಭೌತಶಾಸ್ತ್ರವನ್ನು ಕರಿಹಲಗೆಯಿಂದ ಇಳಿಸಿ ಜನರ ನಡುವೆ ತಂದವರೆಂದರೆ ಪೂಜ್ಯ ಶ್ರೀ ಸಾತಲಿಂಗಪ್ಪ ಗುರುಗಳು. ಸೇವೆಗೆ ಸೇರಿದ ವರ್ಷ, ಪ್ರಯೋಗಾಲಯವೇ ಇಲ್ಲದ ನಮ್ಮ ಹನ್ನೂರಿನ ಶಾಲೆಗೆ ಮನೆಯ ತಕ್ಕಡಿಯನ್ನು ಹೊತ್ತು ತಂದವರು. ಹತ್ತನೆಯ ತರಗತಿಯಲ್ಲಿ ಜ್ವರದಿಂದ ಮಲಗಿದ ನನಗೆ ಮನೆಗೇ ಬಂದು ಪಾಠ ಹೇಳಿದವರು. ಆದರೆ ಅವರ ಮೂವತ್ತೊಂದು ವರ್ಷಗಳ ಸೇವೆಯಲ್ಲಿ ನನ್ನ ಬದುಕನ್ನು ಉಳಿಸಿದ್ದು ಒಂದು ಮಧ್ಯಾಹ್ನ.

ಆಗ ನಾನು ಅಪ್ಪನ ಮೋಟಾರ್‌ಸೈಕಲ್ಲಿನಲ್ಲಿ ಸೊಲ್ಲಾಪುರದ ಕಾಲೇಜಿಗೆ ಹೋಗಿಬರುತ್ತಿದ್ದೆ. ವಳಸಂಗದ ಬಳಿ ರಸ್ತೆ ದಾಟುತ್ತಿದ್ದ ಆ ಊರಿನ ಮಲ್ಲಯ್ಯನವರಿಗೆ ಗಾಡಿ ಬಡಿದು ಅವರ ಕಾಲು ಮುರಿಯಿತು. ಡಾಂಬರಿನ ಮೇಲೆ ಹದಿನೆಂಟು ಮೀಟರ್ ಕಪ್ಪು ಗೆರೆ. ಅದನ್ನು ಕಂಡವರೆಲ್ಲ ನಾನು ಎಂಬತ್ತು ಕಿ.ಮೀ. ವೇಗದಲ್ಲಿದ್ದೆನೆಂದರು. ನಲವತ್ತೆಂಬ ನನ್ನ ಮಾತನ್ನು ಯಾರೂ ನಂಬಲಿಲ್ಲ. "ನಾಳಿಂದ ಕಾಲೇಜ ಬಂದ್," ಎಂದರು ಅಪ್ಪ.

ಮೂರನೆಯ ದಿನ ಗುರುಗಳು ಅಳತೆಪಟ್ಟಿ ಹಿಡಿದು, ನಮ್ಮನ್ನೂ ಮಲ್ಲಯ್ಯನವರ ಮನೆಯವರನ್ನೂ ಕರೆದುಕೊಂಡು ಅಪಘಾತದ ಜಾಗಕ್ಕೇ ಬಂದರು.

"ಶಂಕರೆಪ್ಪಾರ, ಗೆರಿ ಒಂದ ಐತಿ ನೋಡ್ರಿ. ಹಿಂದಿನ ಗಾಲಿ ಅಷ್ಟ ಜಾಮ್ ಆಗೈತಿ," ಎಂದು ಅಪ್ಪನಿಗೆ ತೋರಿಸಿ, ಮಲ್ಲಯ್ಯನವರ ಮಗ ಲಕ್ಷ್ಮೀಕಾಂತನಿಗೆ ತನ್ನ ಗಾಡಿಯ ಮೇಲೆ ಜೊತೆಜೊತೆಗೇ ಬಂದು ವೇಗ ನೋಡಲು ಹೇಳಿದರು.

ಐವತ್ತು ದಾಟಿದ ಗುರುಗಳು ಹೆಲ್ಮೆಟ್ ಧರಿಸಿ, ಅಪ್ಪನ ಗಾಡಿಯನ್ನೇ ಏರಿ, ನಲವತ್ತರ ವೇಗದಲ್ಲಿ ಬಂದು, ತಾವು ಹಾಕಿದ್ದ ಸುಣ್ಣದ ಗುರುತಿನ ಮೇಲೆ ಹಿಂದಿನ ಬ್ರೇಕನ್ನಷ್ಟೇ ತುಳಿದರು. ಗಾಡಿಯ ಹಿಂಭಾಗ ಪಕ್ಕಕ್ಕೆ ಓಲಿತು. ನಾನು ಕಣ್ಣು ಮುಚ್ಚಿಕೊಂಡೆ. ಅಳೆದರೆ ಹದಿನೇಳೂವರೆ ಮೀಟರ್! ಎರಡನೆಯ ಸಲ ಎರಡೂ ಬ್ರೇಕ್ ಹದವಾಗಿ ಹಿಡಿದರು. ಒಂಬತ್ತಕ್ಕೇ ನಿಂತಿತು. ಮಂತ್ರವಾದಿಯನ್ನು ಕಂಡಂತೆ ಜನ ಅವರ ಸುತ್ತ ನೆರೆದರು.

"ಬ್ರೇಕ್ ಹಿಡದಾಗ ಭಾರ ಮುಂದಕ್ಕ ಹೋಗತೈತಿ. ಹಿಂದಿನ ಗಾಲಿ ಹಗುರಾಗಿ ಜಾರತೈತಿ. ನಿಲ್ಲಸೋ ತಾಕತ್ತ ಮುಂದಿನ ಗಾಲ್ಯಾಗ ಐತಿ." ಆಮೇಲೆ ನನ್ನ ಕಡೆ ತಿರುಗಿದರು. "ಸ್ನೇಹಲಾ, ನೀ ಜೋರ ಬಂದಿಲ್ಲವ್ವಾ. ಖರೇ, ಮುಂದಿನ ಬ್ರೇಕ್ ಹಿಡದಿದ್ರ ಅವರ ಕಾಲ ಉಳೀತಿತ್ತು."

ನಾನು ಅತ್ತೆ. ಅಪ್ಪ ತಲೆ ತಗ್ಗಿಸಿ, "ಮುಂದಿನ ಬ್ರೇಕ್ ಮುಟ್ಟಿದ್ರ ಪಲ್ಟಿ ಹೊಡೀತೀ ಅಂತ ನಾನಽ ಕಲಿಸಿದ್ದೆ, ಸರ್," ಎಂದರು. ಅದೇ ಸಂಜೆ ಅಪ್ಪ ಮಲ್ಲಯ್ಯನವರ ಮನೆಗೆ ಹೋಗಿ ಕ್ಷಮೆ ಕೇಳಿದರು. ನನ್ನ ಕಾಲೇಜು ನಿಲ್ಲಲಿಲ್ಲ. ಇಂದು ನಾನೂ ಭೌತಶಾಸ್ತ್ರ ಕಲಿಸುತ್ತೇನೆ.

ನಿರಪರಾಧಿತ್ವವನ್ನೂ ತಪ್ಪನ್ನೂ ಒಂದೇ ಗೆರೆಯಲ್ಲಿ ಓದಿ, ಎರಡನ್ನೂ ಮುಚ್ಚಿಡದೆ ಹೇಳಿದ ಆ ಧೈರ್ಯಕ್ಕೆ ನಾನು ಇಂದಿಗೂ ಬೆರಗಾಗುತ್ತೇನೆ. ಈಗ ನಿವೃತ್ತರಾಗುತ್ತಿರುವ ಗುರುಗಳು ಮುಂದಿನ ವಾರವೇ ವಳಸಂಗದಲ್ಲಿ ಗಾಡಿ ಕಲಿಯುವವರಿಗೆ ಪಾಠ ಆರಂಭಿಸಲಿದ್ದಾರೆ. ಅವರಿಗೆ ಆಯುರಾರೋಗ್ಯಗಳು ತುಂಬಿರಲಿ, ಆ ಪಾಠ ಬಹುಕಾಲ ನಡೆಯಲಿ. ಮೊದಲ ಹೆಸರು ಈಗಾಗಲೇ ಬಂದಿದೆ: ಮಲ್ಲಯ್ಯನವರು ತಮ್ಮ ಮೊಮ್ಮಗಳನ್ನು ಕಳಿಸುತ್ತಿದ್ದಾರೆ.