ಅತ್ತೆಯ ಮೇಲೆ ಕಟ್ಟಿದ ಪದಬಂಧ

ನಮ್ಮ ಮನೆತನದಲ್ಲಿ ಪದಬಂಧ ಕಟ್ಟುವವಳು ನಾನು. ಹಾಗಂತ ಯಾರೂ ಬರೆದು ಕೊಟ್ಟಿಲ್ಲ, ಆದರೆ ಶಿಡ್ಲಘಟ್ಟದಿಂದ ಚಿಂತಾಮಣಿಯವರೆಗಿನ ನೆಂಟರಿಗೆಲ್ಲ ಗೊತ್ತು. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಊಟವಾದ ಮೇಲೆ ಎಲೆಅಡಿಕೆಯ ಜೊತೆ ನನ್ನದೊಂದು ಪದಬಂಧದ ಹಾಳೆ ಎಲ್ಲರ ಕೈಗೂ ಹೋಗಬೇಕು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ಅಕ್ಷರಗಳನ್ನು ಅಡ್ಡಡ್ಡ ಉದ್ದುದ್ದ ಕೂರಿಸುವುದು ನನಗೆ ಹೂ ಕಟ್ಟಿದಷ್ಟೇ ಸಲೀಸು.

ಅಂಥದ್ದರಲ್ಲಿ, ಅತ್ತೆಗೆ ಎಂಬತ್ತು ತುಂಬಿದ ಸಮಾರಂಭದ ಪದಬಂಧ ನನ್ನ ಓರಗಿತ್ತಿಯ ಪಾಲಾಯಿತು. ಗೌರಿಬಿದನೂರಿನ ಹುಡುಗಿ. ನನ್ನ ಕೊನೇ ಮೈದುನನ ಕೈ ಹಿಡಿದು ಮೊನ್ನೆ ಮೊನ್ನೆ ಬಂದವಳು. ಚಿಕ್ಕಬಳ್ಳಾಪುರದಲ್ಲಿ ಸಂಸಾರ. ಯಾವಾಗಲಾದರೊಮ್ಮೆ ಬಂದು ಅತ್ತೆಯ ಮಂಚದ ತುದಿಯಲ್ಲಿ ಕೂತು ಹರಟೆ ಹೊಡೆದು, ನಾನು ಕಾಯಿಸಿಕೊಟ್ಟ ಕಾಫಿ ಕುಡಿದು ಹೋಗುವುದಷ್ಟೇ ಅವಳ ಸೇವೆ.

"ಈ ಸಲ ಅವಳು ಕಟ್ಲಿ ಬಿಡೇ, ಆಸೆಪಟ್ಟು ಕೇಳ್ತಾವ್ಳೆ," ಎಂದರು ನಮ್ಮ ಯಜಮಾನರು. "ನೀನು ಮೈಕ್ ಹಿಡ್ಕೊಂಡು ಸುಳಿವು ಓದಿ ಎಲ್ಲಾರ್ಗೂ ಬಿಡಿಸಿ ಹೇಳು. ಟೀಚರ್ ಅಲ್ವಾ?"

ಮುಂದೆ ಬಂದ ಕಿವಿಗಿಂತ ಹಿಂದೆ ಬಂದ ಕೊಂಬು ಹೆಚ್ಚು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ! ಅವಳು ಕಟ್ಟುವುದು, ನಾನು ಅದರ ಗುಣಗಾನ ಮಾಡುವುದು. ಆಯಿತು ಎಂದೆ. ಒಳಗೆ ಮಾತ್ರ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಅತ್ತೆಯ ಬಗ್ಗೆ ಇವಳಿಗೇನು ಗೊತ್ತು? ನಾನು ಸಾದಲಿ ಹಳ್ಳಿಗೆ ಸೊಸೆಯಾಗಿ ಹೋದಾಗ ಮನೆ ತುಂಬ ರೇಷ್ಮೆಹುಳ. ಹುಳ ಇರುವ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ. ಆ ಘಾಟಿಗೆ ಹುಳ ಸೊಪ್ಪು ಮುಟ್ಟುವುದಿಲ್ಲ ಎಂದು ನಮ್ಮ ಕಡೆ ಬಲವಾದ ನಂಬಿಕೆ. ಬೇಳೆ, ಸೊಪ್ಪು, ಉಪ್ಪು, ಹುಳಿ, ಖಾರ, ಮುಗಿಯಿತು ಸಾರು. ನಾವೆಲ್ಲ ಮುಖ ಸಿಂಡರಿಸಿಕೊಂಡು ಉಂಡರೆ ಅತ್ತೆ ಮಾತ್ರ ಅದನ್ನೇ ಮುದ್ದೆಯ ಜೊತೆ ಒಂದು ಚೂರೂ ಬಿಡದೆ ಉಣ್ಣುತ್ತಿದ್ದರು. ಹುಳ ಸಾಕುವುದನ್ನು ಬಿಟ್ಟು ಶಿಡ್ಲಘಟ್ಟಕ್ಕೆ ಬಂದು ಎಷ್ಟೋ ವರ್ಷಗಳಾದವು. ಇವತ್ತಿಗೂ ಸಾರಿಗೆ ಒಗ್ಗರಣೆ ಬೀಳುವ ಮೊದಲು ಅತ್ತೆಯ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಡುತ್ತೇನೆ. ಜ್ವರ ಬಂದು ಮಲಗಿದ್ದರೂ ತಪ್ಪಿಸಿದವಳಲ್ಲ. ಅತ್ತೆಯ ನಾಲಗೆ ನನಗೊಬ್ಬಳಿಗೇ ಗೊತ್ತು ಎಂಬುದು ನನ್ನ ದೊಡ್ಡ ಹೆಮ್ಮೆ.

ಸಮಾರಂಭದ ದಿನ ಛತ್ರದಲ್ಲಿ ಹಾಳೆ ಕೈಗೆ ಬಂದಾಗ ಮೊದಲು ನೋಡಿದ್ದು ತಪ್ಪೇನಾದರೂ ಸಿಗುತ್ತದೆಯೇ ಎಂದು. ಮೊಸರಲ್ಲಿ ಕಲ್ಲು ಹುಡುಕುವುದು ಎಂದರೆ ಅದೇ. ಹಾಳಾದ್ದು, ಚೆನ್ನಾಗಿಯೇ ಕಟ್ಟಿದ್ದಳು! ಕಪ್ಪು ಮನೆಗಳು ಕಡಿಮೆ, ಪದಗಳು ಒಂದನ್ನೊಂದು ದಾಟುವ ಕಡೆ ಎಲ್ಲೂ ತಿಣುಕಾಟವಿಲ್ಲ. ಎಲ್ಲವೂ ಅತ್ತೆಯ ಬದುಕಿನದೇ ಪದಗಳು. ಇಂಥದ್ದೊಂದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಕೈ ಕೈ ಹಿಸುಕಿಕೊಂಡೆ.

ಮೈಕ್ ಹಿಡಿದು ಶುರು ಮಾಡಿದೆ. ಎಡದಿಂದ ಬಲಕ್ಕೆ: "ಇಲ್ಲಿಂದ ಬಂದ ಸೊಸೆ ಇವತ್ತಿಗೂ ತೆಲುಗಿನಲ್ಲೇ ಎಣಿಸುತ್ತಾಳೆ, ಐದು ಮನೆ." ಕೆಂಚಾರ್ಲಹಳ್ಳಿ ಎಂದು ಅತ್ತೆಯ ತವರಿನವರು ಒಟ್ಟಿಗೆ ಕೂಗಿದರು. "ಬಿದಿರಿನ ತಟ್ಟೆ, ಹುಳಕ್ಕೆ ಅರಮನೆ, ಮೂರು ಮನೆ." ಚಂದ್ರಿಕೆ. ಹುಳ ಗೂಡು ಕಟ್ಟುವ ತಟ್ಟೆ ಎಂದು ಊರಿನಿಂದ ದೂರ ಬೆಳೆದ ಮಕ್ಕಳಿಗೆ ಬಿಡಿಸಿ ಹೇಳಿದೆ. "ವಿದುರಾಶ್ವತ್ಥದಲ್ಲಿ ಅತ್ತೆ ಕಳೆದುಹೋದಾಗ ನಿದ್ದೆ ಮಾಡುತ್ತ ಸಿಕ್ಕ ಜಾಗ." ಅರಳಿಕಟ್ಟೆ. ಛತ್ರವೆಲ್ಲ ನಗು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನ್ನ ಪದಬಂಧಕ್ಕೆ ಅವರು ಯಾವತ್ತೂ ಹಾಗೆ ನಕ್ಕಿದ್ದಿಲ್ಲ.

ಆಮೇಲೆ ಮೇಲಿನಿಂದ ಕೆಳಕ್ಕೆ, ನಾಲ್ಕು ಮನೆ: "ಹುಳ ಇದ್ದ ಮನೆಗೆ ಬರುವಂತಿಲ್ಲ, ನಮ್ಮ ಅತ್ತೆಗೆ ಪ್ರಾಣ." ಅರಳಿಕಟ್ಟೆಯ 'ರ' ಅದರ ಮೂರನೇ ಮನೆಯಲ್ಲಿ ಆಗಲೇ ಕೂತಿತ್ತು. ಒಗ್ಗರಣೆ! ನನಗೆ ಆದ ಸಂತೋಷ ಏನು ಹೇಳಲಿ. ಸಿಕ್ಕಿಬಿದ್ದಳು ಎಂದುಕೊಂಡೆ.

ಗಂಟಲು ಸರಿಮಾಡಿಕೊಂಡೆ. "ಉತ್ತರ ಒಗ್ಗರಣೆ. ಆದರೆ ಸುಳಿವು ತಪ್ಪು. ಸುಳಿವು ಅಂದ್ರೆ ಅದರ ಎರಡು ತುಂಡೂ ನಿಜ ಇರ್ಬೇಕು. ಹುಳ ಇದ್ದ ಮನೆಗೆ ಒಗ್ಗರಣೆ ಬರಲ್ಲ, ಸರಿ. ಆದರೆ ನಮ್ಮತ್ತೆಗೆ ಒಗ್ಗರಣೆ ಕಂಡ್ರೇ ಆಗಲ್ಲ. ಜೊತೇಲಿ ಬಾಳಿದೋರಿಗೆ ಗೊತ್ತಿರುತ್ತೆ, ಬಂದು ಹೋಗೋರಿಗೆ ಹೇಗೆ ಗೊತ್ತಾಗ್ಬೇಕು, ಪಾಪ."

ಓರಗಿತ್ತಿ ತಲೆ ತಗ್ಗಿಸಿದಳು. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

"ಲೇದಮ್ಮಾ, ಹಂಗಲ್ಲ," ಎಂದರು ಅತ್ತೆ. ಮನಸ್ಸಿಗೆ ನಾಟಿದ ಮಾತಿದ್ದರೆ ಅವರಿಗೆ ತವರಿನ ತೆಲುಗೇ ಮೊದಲು ಬರುವುದು. "ಸರಿಯಾಗೇ ಬರ್ದವ್ಳೆ. ನಂಗೆ ಒಗ್ಗರಣೆ ಅಂದ್ರೆ ಪ್ರಾಣ. ನಮ್ಮಮ್ಮ ಬೆಳ್ಳುಳ್ಳಿ ಜಜ್ಜಿ ಹಾಕಿದ್ರೆ ಬೀದಿಗೆಲ್ಲಾ ಘಮ ಅನ್ನೋದು. ಇಲ್ಲಿ ಹುಳಕ್ಕೆ ಆಗಲ್ಲ ಅಂತ ಬಾಯಿ ಕಟ್ಕೊಂಡೆ."

"ಮತ್ತೆ ಹುಳ ಬಿಟ್ಟ ಮೇಲೆ?" ನನ್ನ ದನಿ ನನಗೇ ಕೇಳಿಸಲಿಲ್ಲ. ಆದರೆ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ನೀನು ಬೇರೆ ಎತ್ತಿಟ್ಟು ಕೊಡ್ತಿದ್ದೆ. ಅಷ್ಟು ಆಸ್ಥೆಯಿಂದ ಮಾಡ್ತಾವ್ಳೆ, ಬೇಡ ಅಂದ್ರೆ ನೊಂದ್ಕೋತಾಳೆ ಅಂತ ಸುಮ್ನೆ ಉಣ್ತಿದ್ದೆ ಕಣಮ್ಮ."

"ಇವಳಿಗೆ ಹೇಗೆ ಗೊತ್ತಾಯ್ತು?"

"ಅವಳು ಕೇಳಿದ್ಲು," ಎಂದರು ಅತ್ತೆ. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಉಳಿದ ಸುಳಿವುಗಳನ್ನು ಹೇಗೆ ಓದಿ ಮುಗಿಸಿದೆನೋ ಗೊತ್ತಿಲ್ಲ. ಹೊರಡುವಾಗ ಓರಗಿತ್ತಿ ಹತ್ತಿರ ಬಂದು, "ಅಕ್ಕ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೇ ಬರೆದೆ. ಬೇಜಾರು ಮಾಡ್ಕೋಬೇಡಿ," ಎಂದಳು. ಬೇಜಾರೇನಿಲ್ಲ ಬಿಡಮ್ಮ ಎಂದೆ. ಸುಳ್ಳು. ಅವಳ ಜಡೆ ಹಿಡಿದು ಎಳೆಯಬೇಕು ಅನ್ನಿಸಿತ್ತು.

ಮಾರನೆಯ ದಿನ ಸ್ಕೂಲಿಗೆ ರಜೆ ಹಾಕಿದೆ. ಸೊಪ್ಪು ಬೇಯಿಸಿ ಸಾರು ಮಾಡಿ, ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಒಣಮೆಣಸಿನಕಾಯಿ, ಮುಷ್ಟಿ ತುಂಬ ಜಜ್ಜಿದ ಬೆಳ್ಳುಳ್ಳಿ ಹಾಕಿದೆ. ನಮ್ಮ ಬೀದಿಗಷ್ಟೇ ಅಲ್ಲ, ಪಕ್ಕದ ಬೀದಿಗೂ ಘಮ ಹೋಗಬೇಕು, ಹಾಗೆ. ಅತ್ತೆಗೆಂದು ಬೇರೆ ಬಟ್ಟಲು ತೆಗೆದಿಡಲು ಕೈ ತಾನಾಗಿಯೇ ಹೋಯಿತು. ಹಿಂದಕ್ಕೆ ಎಳೆದುಕೊಂಡೆ.

ಅತ್ತೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಎರಡನೇ ತುತ್ತು. ಮೂರನೇದು. ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹೆಂಗೈತೆ ಅತ್ತೆ?" ಎಂದು ಕೇಳಿದೆ. ಈ ಮಾತನ್ನು ಅವರ ಮುಂದೆ ಹಿಂದೆಂದೂ ಆಡಿರಲಿಲ್ಲ ಎಂಬುದು ಆಡಿದ ಮೇಲೆ ಗೊತ್ತಾಯಿತು.

ಅತ್ತೆಯ ಮುಖ ಅರಳಿತು. "ನಮ್ಮಮ್ಮನ ಕೈರುಚಿ ಕಣಮ್ಮ," ಎಂದರು. ಬೆರಳು ನೆಕ್ಕಿಕೊಂಡು, "ಆ ಹುಡುಗಿಗೆ ಒಂದು ಫೋನ್ ಹಚ್ಚಿಕೊಡು, ಹೇಳ್ಬೇಕು."

ಹಚ್ಚಿಕೊಟ್ಟೆ.