ಗ್ಯಾಲೋವೇ ಕಪಾಟಿನ ಇನ್ನೂರ ಹದಿನಾರು ಪುಸ್ತಕಗಳು

ಕೋವಿಡ್ ಮುಗಿದು ಕುವೈತಿನ ಶಾಲೆಗಳು ಮತ್ತೆ ಪೂರ್ತಿಯಾಗಿ ತೆರೆದ ವರ್ಷ. ಆಗ ನಾನು ಹವಲ್ಲಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಹೆಡ್ ಲೈಬ್ರರಿಯನ್ ಆಗಿದ್ದೆ. ಹೆಡ್ ಅಂದರೆ ಭಾರಿ ಹುದ್ದೆಯೇನಲ್ಲ. ನನ್ನ ಕೈಕೆಳಗೆ ಇದ್ದದ್ದು ಒಬ್ಬನೇ ಸಹಾಯಕ, ಉಡುಪಿ ಕಡೆಯ ಸುಧಾಕರ. ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿ, ಮದುವೆಯಾಗಿ, ಎಂಜಿನಿಯರ್ ಗಂಡನ ಹಿಂದೆ ಬಂದು ಅಬು ಹಲೀಫಾದಲ್ಲಿ ಮನೆ ಮಾಡಿದವಳು ನಾನು. ಆ ಲೈಬ್ರರಿಯಲ್ಲಿ ಹದಿನೆಂಟು ವರ್ಷ ಕೂತಿದ್ದೇನೆ. ಪುಸ್ತಕ ಕಳೆದುಹೋದದ್ದು, ಎ.ಸಿ. ನೀರು ಸೋರಿ ಒಂದು ಸಾಲು ಪೂರ್ತಿ ಒದ್ದೆಯಾದದ್ದು, ಎಲ್ಲ ಕಂಡಿದ್ದೇನೆ. ಅವೆಲ್ಲ ಮರೆತೂ ಹೋಗಿವೆ. ಮರೆಯದೆ ಉಳಿದದ್ದು ಇದೊಂದು.

ನಮ್ಮ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಡಂಕನ್ ಸರ್ ಸ್ಕಾಟ್ಲೆಂಡಿನವರು. ಆ ದೇಶದ ನೈರುತ್ಯ ಮೂಲೆಯ ಗ್ಯಾಲೋವೇ ಎಂಬ ಸೀಮೆ ಅವರ ಊರು. ಅವರ ಹೆಂಡತಿ ಮೋರಾಗ್ ನಮ್ಮಲ್ಲೇ ಜೀವಶಾಸ್ತ್ರದ ಟೀಚರ್ ಆಗಿದ್ದರು. ಕೋವಿಡ್ಡಿಗೆ ಮುಂಚೆಯೇ ಕ್ಯಾನ್ಸರ್ ಆಗಿ ತೀರಿಕೊಂಡರು. ಗಂಡಹೆಂಡತಿ ಇಬ್ಬರಿಗೂ ಒಂದೇ ಹುಚ್ಚು. ತಮ್ಮ ಸೀಮೆಯ ಬಗ್ಗೆ ಯಾರೇ ಏನೇ ಬರೆದಿದ್ದರೂ ಅದು ಮನೆಯಲ್ಲಿರಬೇಕು. ಹಳ್ಳಿ ಹಳ್ಳಿಯ ಚರಿತ್ರೆ, ಕಲ್ಲುಗೋಡೆ ಕಟ್ಟುವವರ ಕಥೆ, ಕಳ್ಳಸಾಗಣೆ ದೋಣಿಗಳ ಕಥೆ, ಹೂವು, ಪಾಚಿ, ಸಮುದ್ರದ ಚಿಪ್ಪು. ಒಂದು ಹಳ್ಳದ ಮೇಲೆಯೇ ಇನ್ನೂರು ಪುಟದ ಪುಸ್ತಕ ಇತ್ತು. ಅದನ್ನು ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆ ಆಯಿತು. ನಾನು ಹುಟ್ಟಿದ ಊರಿನ ಕಾಲುವೆ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ.

ಸರ್ ನಿವೃತ್ತರಾದರು. ಕೆಲಸ ಮುಗಿದರೆ ಇಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ಮುಗಿಯಿತು, ಇಕಾಮಾ ಮುಗಿದರೆ ಈ ದೇಶವೇ ಮುಗಿಯಿತು. ಊರಿನಲ್ಲಿ ನಾದಿನಿಯ ಮನೆಯ ಒಂದು ಕೋಣೆಯಲ್ಲಿ ಅವರ ಮುಂದಿನ ವಾಸ. ಕಣ್ಣೂ ಮಂಜಾಗುತ್ತಿತ್ತು. ಹಾಗಾಗಿ ಇನ್ನೂರ ಹದಿನಾರು ಪುಸ್ತಕಗಳನ್ನು ಲೈಬ್ರರಿಗೆ ತಂದುಕೊಟ್ಟರು. "ನಮ್ಮೂರಿನಲ್ಲಿ ಇವು ಎಲ್ಲ ಲೈಬ್ರರಿಯಲ್ಲೂ ಸಿಗುತ್ತವೆ. ಇಲ್ಲಿಯ ಮಕ್ಕಳಿಗೆ ಮಾತ್ರ, ಒಂದು ಜಾಗವನ್ನು ಇಷ್ಟು ಹತ್ತಿರದಿಂದ ನೋಡಬಹುದು ಅನ್ನೋದು ಗೊತ್ತಾಗಲಿ," ಅಂದರು. ಆಮೇಲೆ ಹಸಿರು ರಟ್ಟಿನ ಒಂದು ಪುಸ್ತಕವನ್ನು ಬೇರೆಯಾಗಿ ನನ್ನ ಕೈಗೆ ಕೊಟ್ಟರು. ಅದು ಗ್ಯಾಲೋವೇಯ ಹಕ್ಕಿಗಳ ಪುಸ್ತಕ. ಪುಟಗಳ ಹೊರ ಅಂಚಿನಲ್ಲಿ ಮೋರಾಗ್ ಪೆನ್ಸಿಲಿನಲ್ಲಿ ಬರೆದಿದ್ದರು. ಹಾರುವಾಗ ಬಾಲದ ಬುಡ ಬೆಳ್ಳಗೆ ಹೊಳೆಯುವ ವೀಟ್‌ಇಯರ್ ಎಂಬ ಪುಟ್ಟ ಹಕ್ಕಿ ಪ್ರತಿ ಮಾರ್ಚಿನಲ್ಲಿ ಜಹ್ರಾ ಕಡೆಯ ಮರಳುಗಾಡಿನಲ್ಲಿ ಮೊದಲು ಕಂಡ ದಿನ. ಅದರ ಕೆಳಗೆ, ಅದೇ ಜಾತಿಯ ಹಕ್ಕಿ ಊರಿನ ಗೋಡೆಯ ಮೇಲೆ ಮೊದಲು ಕಂಡಿತೆಂದು ಅವರ ತಂಗಿ ಪತ್ರದಲ್ಲಿ ತಿಳಿಸಿದ ದಿನ. ಹೀಗೆ ಹತ್ತೊಂಬತ್ತು ವರ್ಷ.

"ಅದೇ ಹಕ್ಕಿ ಇಲ್ಲಿಂದ ಅಲ್ಲಿಗೆ ಹೋಗುತ್ತಾ ಸರ್?" ಅಂತ ಕೇಳಿದೆ.

"ಇಲ್ಲ. ನಮ್ಮವು ಆಫ್ರಿಕಾದ ಪಶ್ಚಿಮದಿಂದ ಬರುತ್ತವೆ, ದಾರಿಯೇ ಬೇರೆ. ಅದೇ ಹಕ್ಕಿ ಅಂತ ಮಕ್ಕಳಿಗೆ ಹೇಳಬೇಡಿ, ಸುಳ್ಳಾಗುತ್ತದೆ," ಅಂದರು. ಮನುಷ್ಯ ಅಷ್ಟು ಖಂಡಿತ. ಕೊನೆಗೆ ಎರಡೇ ಮಾತು ಕೇಳಿಕೊಂಡರು. ಪುಸ್ತಕಗಳನ್ನು ಚೆದುರಿಸಬಾರದು. ಮೋರಾಗ್ ಬರೆದದ್ದು ಅಳಿಯಬಾರದು. ನಾನು, "ಅದು ನನ್ನ ಜವಾಬ್ದಾರಿ ಸರ್, ನನ್ನ ಸಹಿ ಇಲ್ಲದೆ ಒಂದು ಪುಸ್ತಕವೂ ಹೊರಗೆ ಹೋಗುವುದಿಲ್ಲ, ನಿಶ್ಚಿಂತೆಯಿಂದ ಹೋಗಿ," ಅಂದೆ.

ಹಿಂದಿನ ಗೋಡೆಯ ಕಪಾಟನ್ನು ಪೂರ್ತಿ ಖಾಲಿ ಮಾಡಿಸಿದೆ. ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ, ಅದಕ್ಕೆ ಅಕ್ಸೆಶನ್ ನಂಬರ್ ಅನ್ನುತ್ತೇವೆ. ವಿಷಯ ತಿಳಿಸುವ ಸಂಖ್ಯೆ ಇನ್ನೊಂದು. ಗ್ಯಾಲೋವೇ ಚರಿತ್ರೆಗೆ 941.47. ಲೇಬಲ್ ಪ್ರಿಂಟರ್ ಕೆಟ್ಟಿತ್ತೆಂದು ಇನ್ನೂರ ಹದಿನಾರು ಬೆನ್ನುಪಟ್ಟಿಗಳನ್ನೂ ಕೈಯಲ್ಲೇ ಬರೆದೆ. ಸುಧಾಕರ ಒಂದೊಂದಕ್ಕೂ ಗೋಂದು ಹಚ್ಚಿ ಅಂಟಿಸಿದ. ಆ ವರ್ಷ ಆರನೇ ಕ್ಲಾಸಿನ ಮಕ್ಕಳು ಆ ಪುಸ್ತಕಗಳನ್ನು ನೋಡಿಕೊಂಡು ತಮ್ಮ ತಮ್ಮ ಬೀದಿಯ ಚರಿತ್ರೆ ಬರೆದರು. ಹವಲ್ಲಿಯ ಮೊಬೈಲ್ ಅಂಗಡಿಗಳ ಸಾಲಿನ ಮೇಲೆ ಒಬ್ಬ ಹುಡುಗಿ ಹನ್ನೆರಡು ಪುಟ ಬರೆದಳು. ಡಂಕನ್ ಸರ್‌ಗೆ ಅದರ ಫೋಟೋ ಕಳಿಸಿದೆ.

ಸುಧಾಕರನ ವಿಷಯ ಸ್ವಲ್ಪ ಹೇಳಬೇಕು. ಅವನನ್ನು ಆ ಕೆಲಸಕ್ಕೆ ಸೇರಿಸಿದವಳೇ ನಾನು. ಅವನ ಹೆಂಡತಿಗೆ ಫ್ಯಾಮಿಲಿ ವೀಸಾ ಆಗುವಾಗ ಕಾಗದ ಪತ್ರ ಹಿಡಿದು ನನ್ನ ಗಂಡ ಅಲೆದಿದ್ದರು. ಯುಗಾದಿ ಊಟ ಪ್ರತಿ ವರ್ಷ ನಮ್ಮಲ್ಲೇ. ಸ್ವಂತ ತಮ್ಮನಿಗಿಂತ ಹೆಚ್ಚು ಅಂದರೆ ಉತ್ಪ್ರೇಕ್ಷೆಯಲ್ಲ, ಸ್ವಂತ ತಮ್ಮ ಫೋನ್ ಮಾಡುವುದು ದುಡ್ಡು ಬೇಕಾದಾಗ ಮಾತ್ರ.

ಗಲ್ಫಿನ ಆಫೀಸುಗಳಲ್ಲಿ ನಮ್ಮ ಜನರದ್ದೊಂದು ಅಭ್ಯಾಸವಿದೆ. ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಹೋಗುವಾಗ, ಕೆಲಸ ನಿಲ್ಲದಿರಲಿ ಎಂದು ನಂಬಿಕೆಯವರ ಕೈಯಲ್ಲಿ ನಾಲ್ಕಾರು ಖಾಲಿ ಫಾರಂಗಳಿಗೆ ಸಹಿ ಮಾಡಿಟ್ಟು ಹೋಗುವುದು. ತಪ್ಪೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ. ಆ ಜೂನ್ ಕೊನೆಯಲ್ಲಿ ನಾನೂ ಆರು ವಿತ್‌ಡ್ರಾಯಲ್ ಶೀಟುಗಳಿಗೆ ಸಹಿ ಹಾಕಿ ಸುಧಾಕರನಿಗೆ ಕೊಟ್ಟೆ. ಹರಿದ, ಹಳತಾದ ಪುಸ್ತಕಗಳನ್ನು ರಿಜಿಸ್ಟರಿನಿಂದ ತೆಗೆಯುವ ಪತ್ರ ಅದು, ಲೈಬ್ರರಿಯನ್ ಸಹಿಯಿಲ್ಲದೆ ಒಂದು ಪುಸ್ತಕವೂ ಹೊರಹೋಗುವಂತಿಲ್ಲ. "ಹಳೆ ಟೆಕ್ಸ್ಟ್‌ಬುಕ್ಕುಗಳನ್ನು ತೆಗೆದುಬಿಡಪ್ಪ," ಅಂದೆ. "ನೀವು ತಲೆಬಿಸಿ ಮಾಡ್ಬೇಡಿ ಅಕ್ಕ, ಆರಾಮಲ್ಲಿ ಹೋಗಿ ಬನ್ನಿ," ಅಂದ.

ಸೆಪ್ಟೆಂಬರಿನಲ್ಲಿ ಬಂದು ನೋಡಿದರೆ ಹಿಂದಿನ ಗೋಡೆಯೇ ಇಲ್ಲ. ಅಲ್ಲಿ ಗಾಜಿನ ಬಾಗಿಲಿನ ರೊಬಾಟಿಕ್ಸ್ ಲ್ಯಾಬ್ ಎದ್ದಿತ್ತು. ಮ್ಯಾನೇಜ್‌ಮೆಂಟ್ ರಜೆಯಲ್ಲಿ ತರಾತುರಿಯಲ್ಲಿ ಮಾಡಿಸಿದ್ದು, ನನಗೆ ಒಂದು ಮೆಸೇಜೂ ಇಲ್ಲ. ಗ್ಯಾಲೋವೇ ಪುಸ್ತಕ ಎಲ್ಲಿ ಅಂತ ಕೇಳಿದರೆ ಸುಧಾಕರ ತಲೆ ಎತ್ತದೆ, "ಸ್ಟೋರಲ್ಲಿ ಉಂಟು ಅಕ್ಕ, ಪ್ಯಾಕ್ ಮಾಡಿ ಇಟ್ಟಿದ್ದೇನೆ. ಎದುರು ಫರ್ನಿಚರ್ ಹಾಕಿದ್ದಾರೆ, ಅದು ತೆಗೆದ ಮೇಲೆ ತರುವ," ಅಂದ. ನಂಬಿದೆ. ಯಾಕೆ ನಂಬಬಾರದು?

ಅದೇ ವಾರ ಡಂಕನ್ ಸರ್ ಇ-ಮೇಲ್ ಬಂತು. ಅವರ ಊರಿನವರು ಮೋರಾಗ್ ನೆನಪಿಗೆ ಹಕ್ಕಿಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ತರುತ್ತಿದ್ದಾರೆ. ಹಸಿರು ಪುಸ್ತಕದ ಅಂಚಿನ ಬರಹಗಳನ್ನು ಸ್ಕ್ಯಾನ್ ಮಾಡಿ ಕಳಿಸಲಾದೀತೆ? ಬೇರೆಲ್ಲೂ ಅದರ ಪ್ರತಿಯಿಲ್ಲ. ಕಣ್ಣು ಪೂರ್ತಿ ಹೋಗುವ ಮುನ್ನ ದೊಡ್ಡಕ್ಷರದಲ್ಲಿ ಒಮ್ಮೆ ನೋಡುವಾಸೆ. "ಮುಂದಿನ ವಾರ ಕಳಿಸುತ್ತೇನೆ," ಎಂದು ಬರೆದೆ. ಮುಂದಿನ ವಾರವೂ ಹಾಗೇ ಬರೆದೆ. ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ, ಸುಧಾಕರನ ಹತ್ತಿರ ಪ್ರತಿ ಭಾನುವಾರ ಒಂದು ಹೊಸ ಕಾರಣ ಇರುತ್ತಿತ್ತು. ಬೀಗ ಇಲ್ಲ, ಬೀಗ ಇದ್ದವನು ಇಲ್ಲ, ಲೋಡ್ ಎತ್ತುವವರು ಇಲ್ಲ. ನವೆಂಬರ್ ಬಂತು.

ನವೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಎಗೈಲಾದ ಮಾಲಿನಲ್ಲಿ ಹೊಸದಾಗಿ ತೆರೆದಿದ್ದ ಕೆಫೆಗೆ ಹೋದೆ. ಕೂರುವ ಸೋಫಾದ ಹಿಂದೆ ಗೋಡೆಯುದ್ದಕ್ಕೂ ಹಳೆಯ ಪುಸ್ತಕಗಳ ಅಲಂಕಾರ. ಮಗಳು ಮೆನು ಕೆಳಗಿಟ್ಟು, "ಅಮ್ಮಾ, ದಟ್ಸ್ ಯುವರ್ ಹ್ಯಾಂಡ್‌ರೈಟಿಂಗ್," ಅಂದಳು.

ತಿರುಗಿ ನೋಡಿದೆ. 941.47. ಅದರ ಪಕ್ಕ 941.47. ಸಾಲಿಡೀ ನನ್ನ ಕೈಬರಹ. ಒಂದನ್ನು ಎಳೆಯಲು ಹೋದರೆ ಬರಲಿಲ್ಲ, ಗೋಂದು ಹಾಕಿ ಗೋಡೆಗೆ ಅಂಟಿಸಿದ್ದರು. ಮಲಯಾಳಿ ಮ್ಯಾನೇಜರ್ ಓಡಿ ಬಂದು, "ಮೇಡಂ, ಯೇ ಪಡ್ನೇ ಕಾ ನಹೀ, ಸಿರ್ಫ್ ಡೆಕೊರೇಷನ್ ಹೈ," ಅಂದ, ಓದಲಿಕ್ಕಲ್ಲ, ಬರೀ ಅಲಂಕಾರಕ್ಕೆ ಎಂದು. ನನ್ನ ಮುಖ ನೋಡಿ ಹೆದರಿರಬೇಕು, ಒಂದು ಚಾಕು ತಂದು ತುದಿಯಲ್ಲಿದ್ದ ಹಸಿರು ರಟ್ಟನ್ನು ತಾನೇ ಬಿಡಿಸಿ ಕೊಟ್ಟ. ಕೈಗೆ ಬಂದದ್ದು ಪುಸ್ತಕವಲ್ಲ. ಗೋಡೆಯ ಗೂಡು ನಾಲ್ಕು ಬೆರಳಿನಷ್ಟೇ ಆಳ, ಅದರಲ್ಲಿ ಕೂರಲೆಂದು ಪ್ರತಿ ಪುಸ್ತಕವನ್ನೂ ಬಡಗಿಯ ಗರಗಸದಲ್ಲಿ ಉದ್ದಕ್ಕೆ ಕೊಯ್ದಿದ್ದರು. ಬೆನ್ನು ಮತ್ತು ಬೆನ್ನಿನ ಪಕ್ಕದ ಅರ್ಧ ಪುಟ ಉಳಿದಿತ್ತು. ಮೋರಾಗ್ ಬರೆಯುತ್ತಿದ್ದದ್ದು ಹೊರ ಅಂಚಿನಲ್ಲಿ. ಒಂದೊಂದೇ ಹಾಳೆ ತಿರುವಿದೆ. ಪೆನ್ಸಿಲಿನ ಒಂದು ಗೆರೆಯೂ ಸಿಗಲಿಲ್ಲ. ಜನ ನೋಡುತ್ತಿದ್ದಾರೆ ಎಂಬ ಪರಿವೆಯಿಲ್ಲದೆ ಅಲ್ಲೇ ಅತ್ತೆ. ಮಗಳು ನನ್ನ ಕೈ ಹಿಡಿದು ಕೂತಳು, ಇಬ್ಬರೂ ಏನೂ ತಿನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲು ಆಫೀಸಿಗೆ ಹೋಗಿ ವಿತ್‌ಡ್ರಾಯಲ್ ಫೈಲ್ ತರಿಸಿ ನೋಡಿದೆ. ಆರು ಶೀಟು, ಸುಧಾಕರನ ಮುತ್ತಿನಂಥ ಅಕ್ಷರದಲ್ಲಿ ಇನ್ನೂರ ಹದಿನಾರು ಅಕ್ಸೆಶನ್ ನಂಬರ್. ಕಾರಣ: ಹಾಳಾಗಿವೆ. ಪ್ರತಿ ಶೀಟಿನ ಕೆಳಗೆ ನನ್ನ ಸಹಿ. ಅಲ್ಲೇ ವಿಚಾರಿಸಿದರೆ, ಲ್ಯಾಬ್ ಕಟ್ಟಿದ ಇಂಟೀರಿಯರ್ ಕಂಟ್ರಾಕ್ಟರನೇ ಆ ಕೆಫೆಯನ್ನೂ ಮಾಡಿದ್ದ. ಹೇಗೂ ಎಸೆಯುವ ಮಾಲು ಎಂದು ಕೊಂಡೊಯ್ದಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸುಧಾಕರನನ್ನು ಕರೆದು ಆ ಹಸಿರು ತುಂಡನ್ನು ಮೇಜಿನ ಮೇಲಿಟ್ಟೆ. ಅವನು ಅದರ ಮೇಲಿಂದ ಕಣ್ಣೆತ್ತದೆ ಹೇಳಿದ.

"ಹದಿನೈದು ದಿವಸದಲ್ಲಿ ಗೋಡೆ ಖಾಲಿ ಆಗ್ಬೇಕು, ಇಲ್ಲಾಂದ್ರೆ ಕಾಂಟ್ರಾಕ್ಟ್ ರಿನ್ಯೂ ಇಲ್ಲ ಅಂತ ಮ್ಯಾನೇಜ್‌ಮೆಂಟಿನವ್ರು ಅಂದ್ರು ಅಕ್ಕ. ಪುಸ್ತಕ ಇಡ್ಲಿಕ್ಕೆ ಬೇರೆ ಜಾಗ ಇರ್ಲಿಲ್ಲ. ನಂದು ಇಕಾಮಾ ಆಗಸ್ಟಿಗೆ ಮುಗೀತಿತ್ತು. ಮಕ್ಕಳ ಶಾಲೆ ಉಂಟು. ನಾನು ಎಂತ ಮಾಡುದು?"

"ನನಗೊಂದು ಫೋನ್ ಮಾಡಬಹುದಿತ್ತಲ್ಲ?"

"ಮಾಡಿದ್ರೆ ನೀವು ಬೇಡ ಅಂತಿದ್ರಿ."

"ಬೇಡ ಅಂತಲೇ ಅಂತಿದ್ದೆ. ಗೊತ್ತಿದ್ದೂ ನನ್ನ ಸಹಿ ಹಾಕಿ ಕಳಿಸಿದೆಯಾ?"

ಅವನು ಮೊದಲ ಸಲ ನನ್ನ ಮುಖ ನೋಡಿದ. "ಸಹಿ ನಾನು ಹಾಕಿದ್ದಲ್ಲ ಅಕ್ಕ. ನೀವೇ ಹಾಕಿ ಕೊಟ್ಟದ್ದಲ್ವಾ?"

ಇಕಾಮಾದ ಭಯ ನನಗೆ ಅರ್ಥವಾಗುವುದಿಲ್ಲವೆಂದಲ್ಲ, ಈ ದೇಶದಲ್ಲಿ ಆ ಭಯವಿಲ್ಲದವರು ಯಾರು? ಪುಸ್ತಕ ಸಾಗಿಸಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಎರಡು ತಿಂಗಳು ದಿನಾ ನನ್ನೆದುರು ಕೂತು, ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತಾ, ಸ್ಟೋರಿನಲ್ಲಿದೆ ಎಂದು ಹೇಳಿಕೊಂಡು ಬಂದನಲ್ಲ, ಅದನ್ನು ನುಂಗಲು ಆಗಲಿಲ್ಲ. ಆ ಎರಡು ತಿಂಗಳು ಅವನ ಸುಳ್ಳನ್ನೇ ನಾನು ತಿದ್ದಿ ಬರೆದು ಸ್ಕಾಟ್ಲೆಂಡಿಗೆ ಕಳಿಸುತ್ತಿದ್ದೆ. "ಹೋಗು ಸುಧಾಕರ," ಅಂದೆ. ಆ ದಿನದಿಂದ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಅಂದು ಸಂಜೆ ಡಂಕನ್ ಸರ್‌ಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಮ್ಯಾನೇಜ್‌ಮೆಂಟ್ ಹೀಗೆ ಮಾಡಿತು, ಅಸಿಸ್ಟೆಂಟ್ ನಂಬಿಕೆದ್ರೋಹ ಮಾಡಿದ, ನಾನು ಊರಲ್ಲಿದ್ದೆ. ಎಲ್ಲವೂ ನಿಜವೇ. ಅಷ್ಟನ್ನೂ ಹೇಳಿದೆ. ಗರಗಸದ ವಿಷಯವನ್ನೂ ಹೇಳಿದೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಶೈಲಜಾ, ನಿಮ್ಮ ಸಹಿ ಇಲ್ಲದೆ ಪುಸ್ತಕ ಹೊರಗೆ ಹೋಗುವುದಿಲ್ಲ ಅಂದಿದ್ದಿರಲ್ಲ?"

"ಹೌದು ಸರ್. ಖಾಲಿ ಶೀಟಿಗೆ ಸಹಿ ಹಾಕಿ ಕೊಟ್ಟಿದ್ದೆ."

ಆ ಕಡೆ ಯಾರೋ ಪಾತ್ರೆ ಇಡುವ ಸದ್ದು ಕೇಳಿಸಿತು. ಆಮೇಲೆ ಅವರು, ಕೋಪವೇ ಇಲ್ಲದ ದನಿಯಲ್ಲಿ, "ನಾನು ಅವನ್ನು ಶಾಲೆಗೆ ಕೊಟ್ಟಿರಲಿಲ್ಲ. ನಿಮಗೆ ಕೊಟ್ಟಿದ್ದೆ," ಅಂದರು.

ಉಳಿದ ತುಂಡನ್ನಾದರೂ ಕಳಿಸಲೇ ಅಂತ ಕೇಳಿದೆ. ಬೇಡ ಅಂದರು. ಊರಿನವರು ಆ ಚಿಕ್ಕ ಪುಸ್ತಕವನ್ನು ಮೋರಾಗ್ ಬರಹವಿಲ್ಲದೆಯೇ ತಂದರಂತೆ. ನನಗೆ ಅದರ ಪ್ರತಿ ಬರಲಿಲ್ಲ, ನಾನು ಕೇಳಲೂ ಇಲ್ಲ.

ನನಗೆ ಮೋಸವಾಯಿತು ಎಂದು ಎಷ್ಟೋ ವರ್ಷ ಕಂಡಕಂಡವರಿಗೆ ಹೇಳಿಕೊಂಡು ಓಡಾಡಬಹುದಿತ್ತು, ಆ ಫೋನ್ ಮಾಡದೇ ಇದ್ದಿದ್ದರೆ. ಮಾಡಿದ ಮೇಲೆ ಆ ಸುಖವೂ ಉಳಿಯಲಿಲ್ಲ. ಸುಧಾಕರ ನನಗೆ ಮಾಡಿದ್ದನ್ನೇ ನಾನು ಡಂಕನ್ ಸರ್‌ಗೆ ಮಾಡಿದ್ದೆ. ಅವನಿಗೆ ಇಕಾಮಾದ ಭಯವಾದರೂ ಇತ್ತು. ನನಗೆ ಸೂಟ್‌ಕೇಸ್ ತುಂಬುವ ಅವಸರ ಬಿಟ್ಟು ಬೇರೇನೂ ಇರಲಿಲ್ಲ.

ಹೋದ ವರ್ಷ ಸುಧಾಕರ ಕೆಲಸ ಬಿಟ್ಟು ಊರಿಗೆ ಹೊರಟ. ಕೆಲಸ ಬಿಡುವವರು ಎಲ್ಲ ವಿಭಾಗಗಳಿಂದಲೂ ಕ್ಲಿಯರೆನ್ಸ್ ಫಾರಂಗೆ ಸಹಿ ಪಡೆಯಬೇಕು. ಲೈಬ್ರರಿಯ ಸಾಲು ನನ್ನದು: ಈತನಿಂದ ಗ್ರಂಥಾಲಯಕ್ಕೆ ಯಾವ ಪುಸ್ತಕವೂ ಬರಬೇಕಾಗಿಲ್ಲ. ಅವನು ನಿಂತೇ ಇದ್ದ, ನಾನು ಮೇಲಿನಿಂದ ಕೆಳಗಿನವರೆಗೆ ಒಂದಕ್ಷರ ಬಿಡದೆ ಓದಿದೆ.

"ಅಕ್ಕ, ಇನ್ನೂ ಸಿಟ್ಟು ಉಂಟಾ?" ಅಂದ.

"ಇದೆ," ಅಂದೆ.

ರಿಜಿಸ್ಟರ್ ತೆಗೆದು ಅವನ ಹೆಸರು ಹುಡುಕಿದೆ. ಅವನ ಹೆಸರಿನಲ್ಲಿ ಏನೂ ಇರಲಿಲ್ಲ. ಇನ್ನೂರ ಹದಿನಾರೂ ನನ್ನ ಹೆಸರಿನಲ್ಲೇ ಹೊರಗೆ ಹೋಗಿದ್ದವು. ಸಹಿ ಮಾಡಿಕೊಟ್ಟೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು: ನಮ್ಮನ್ನು ನಂಬಿ ಕೊಟ್ಟದ್ದನ್ನು ಇನ್ನೊಬ್ಬರನ್ನು ನಂಬಿ ಬಿಟ್ಟುಕೊಡುವ ಹಕ್ಕು ನಮಗಿಲ್ಲ.